ಎಮ್ಮೆಗೆ ಸೂಜಿ ಮನೆಬಾಗಿಲಿಗೆ ಬರುತ್ತದೆ, ಕೋಳಿಗೆ ಯಾಕಿಲ್ಲ?

ಬಿಸಿಲು ಏರತೊಡಗಿದರೆ ಸಾಕು, ಯರಗಟ್ಟಿ ಸುತ್ತಲಿನ ಊರುಗಳಲ್ಲಿ ಒಂದು ಮಾತು ಓಣಿಯಿಂದ ಓಣಿಗೆ ಹೋಗುತ್ತದೆ: "ಕೋಳಿಗೆ ಬ್ಯಾನಿ ಬಂದೈತಿ." ಮೊದಲು ಒಂದು ಹೇಂಟೆ ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿಯುತ್ತದೆ. ಮರುದಿನ ಹಸಿರು ಹಿಕ್ಕೆ, ಬಾಯಿ ತೆರೆದು ಏದುಸಿರು. ಕೆಲವು ಕತ್ತು ತಿರುಚಿಕೊಂಡು ಬೀಳುತ್ತವೆ. ಎಂಟು ದಿನ ಕಳೆಯುವುದರೊಳಗೆ ಓಣಿಯ ಕೋಳಿಬುಟ್ಟಿಗಳೆಲ್ಲ ಖಾಲಿ.

ಇದಕ್ಕೆ ಪಂಚನಾಮೆ ಇಲ್ಲ, ಪೇಪರಿನಲ್ಲಿ ಒಂದು ಸಾಲೂ ಇಲ್ಲ. "ಕೋಳಿ ಅಲ್ಲೇನ, ಸಾಯ್ತಾವ ಬಿಡ್ರಿ" ಎಂದು ಮನೆಯ ಗಂಡಸರು ಎದ್ದು ಹೊಲದ ಕಡೆ ನಡೆಯುತ್ತಾರೆ. ಮನೆಯ ಹೆಣ್ಣುಮಗಳು ಖಾಲಿ ಬುಟ್ಟಿ ತೊಳೆದು ಬಿಸಿಲಿಗೆ ಇಡುತ್ತಾಳೆ. ಆ ಬುಟ್ಟಿಯೊಳಗೆ ಇದ್ದದ್ದು ಅವಳ ಕೈಯ ರೊಕ್ಕ.

ನಾವು ಹೇಳಬೇಕೆಂದಿರುವುದು ಇಷ್ಟೇ. ಇದು ಹಣೆಬರಹ ಅಲ್ಲ. ಈ ಬ್ಯಾನಿಗೆ ಲಸಿಕೆ ಇದೆ. ಅದು ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತದೆ. ಆದರೂ ನಮ್ಮ ಹಿತ್ತಲಕ್ಕೆ ಬಂದು ಮುಟ್ಟುವುದಿಲ್ಲ. ಮುಟ್ಟದೇ ಇರುವುದಕ್ಕೆ ಕಾರಣ ಬಹಳ ಸಣ್ಣದು. ಅದನ್ನು ಊರಿನವರೇ ಕೂಡಿ ಸರಿಪಡಿಸಬಹುದು.

ಹಿತ್ತಲ ಸಣ್ಣದು, ಅದರ ಲೆಕ್ಕ ಸಣ್ಣದಲ್ಲ

ನಮ್ಮದು ಎರೆ ನೆಲ. ಹೊಲದಲ್ಲಿ ಜೋಳ, ಹತ್ತಿ, ಕಡಲಿ, ಗೋವಿನಜೋಳ, ನೀರಿದ್ದಲ್ಲಿ ಕಬ್ಬು. ಹೊಲದ ಪೀಕು ವರ್ಷಕ್ಕೆ ಒಂದು ಸಲ, ಎರಡು ಸಲ ರೊಕ್ಕ ಕೊಡುತ್ತದೆ. ಆ ರೊಕ್ಕ ಮೊದಲು ಗೊಬ್ಬರದ ಅಂಗಡಿಗೆ, ಆಮೇಲೆ ಸಾಲಕ್ಕೆ, ಉಳಿದರೆ ಮನೆಗೆ. ಹಿತ್ತಲದ ಲೆಕ್ಕ ಹಾಗಲ್ಲ. ಮನೆಯ ಹಿಂದೆ ಹತ್ತು ಹೆಜ್ಜೆ ಜಾಗದಲ್ಲಿ ನಾಲ್ಕು ಬದನಿ ಗಿಡ, ಬೇಲಿಗೆ ಹೀರಿ ಬಳ್ಳಿ, ಬಚ್ಚಲ ನೀರಿಗೆ ಒಂದು ನುಗ್ಗಿ, ಒಂದು ಬಾಳಿ, ಮಳೆಗಾಲದಲ್ಲಿ ಮೆಂತ್ಯೆ, ರಾಜಗಿರಿ, ಪುಂಡಿ ಪಲ್ಲೆ. ಅವುಗಳ ನಡುವೆ ಆರೇಳು ಜವಾರಿ ಕೋಳಿ. ಇದರಿಂದ ಬರುವುದು ದಿನದಿನದ ಅನ್ನ.

ಒಂದು ಜವಾರಿ ಹೇಂಟೆ ವರ್ಷಕ್ಕೆ ಸುಮಾರು 50ರಿಂದ 60 ತತ್ತಿ ಇಡುತ್ತದೆ. ಫಾರಂ ಕೋಳಿ 300 ದಾಟುತ್ತದೆ. ಅಂದರೆ ಆರು ಜವಾರಿ ಹೇಂಟೆ ಕೂಡಿದರೆ ಒಂದು ಫಾರಂ ಕೋಳಿಗೆ ಸಮ. ಇಷ್ಟು ನೋಡಿ ಕೆಲವರು ನಗುತ್ತಾರೆ. ಆದರೆ ಫಾರಂ ಕೋಳಿಗೆ ಚೀಲದ ಆಹಾರ ಬೇಕು, ಶೆಡ್ಡು ಬೇಕು, ಕರೆಂಟು ಬೇಕು. ಜವಾರಿ ಹೇಂಟೆ ಕಣದ ಉದುರುಕಾಳು, ಅಡುಗೆಮನೆಯ ಉಳಿದದ್ದು, ತಿಪ್ಪೆಯ ಹುಳ ತಿಂದು ಬದುಕುತ್ತದೆ. ತಾನೇ ಕಾವಿಗೆ ಕುಳಿತು 21 ದಿನಕ್ಕೆ ಮರಿ ಎಬ್ಬಿಸುತ್ತದೆ. ಸಂತೆಯಲ್ಲಿ ಅದರ ತತ್ತಿಗೆ ಫಾರಂ ತತ್ತಿಗಿಂತ ಹೆಚ್ಚು ದರ. ಒಂದು ಹುಂಜ ಮಾರಿದರೆ ಮಗಳ ಶಾಲೆಯ ಚೀಲ ಬಂತು, ಇಲ್ಲವೇ ದವಾಖಾನೆಯ ಖರ್ಚು ಹೋಯಿತು. ಅದಕ್ಕೆ ಯಾರ ಹತ್ತಿರವೂ ಕೈಚಾಚಬೇಕಿಲ್ಲ, ಗಂಡನನ್ನೂ ಕೇಳಬೇಕಿಲ್ಲ.

ತಿನ್ನುವ ಲೆಕ್ಕವೂ ಇದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 65 ಮಕ್ಕಳಿಗೆ ರಕ್ತ ಕಡಿಮೆ ಇತ್ತು. ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ. ಶಾಲೆಯಲ್ಲಿ ಈಗ ಮಕ್ಕಳಿಗೆ ತತ್ತಿ ಕೊಡುತ್ತಾರೆ, ಒಳ್ಳೆಯದು. ಆದರೆ ಶಾಲೆಗೆ ಹೋಗದ ಎರಡು ವರ್ಷದ ಕೂಸಿಗೆ, ಮನೆಯಲ್ಲಿ ಉಳಿದ ಅಜ್ಜಿಗೆ ತತ್ತಿ ಎಲ್ಲಿಂದ? ಹಿತ್ತಲದಿಂದಲೇ. ಪಲ್ಲೆಯೂ ಅಲ್ಲಿಂದಲೇ.

ಇಂಥ ಹಿತ್ತಲದಿಂದ ಒಂದೇ ವಾರದಲ್ಲಿ ಕೋಳಿ ಪೂರ್ತಿ ಹೋದರೆ ಆ ಮನೆಗೆ ಬೀಳುವ ಪೆಟ್ಟು ದೊಡ್ಡದು. ಮತ್ತೆ ಹೇಂಟೆ ತಂದು, ತತ್ತಿ ಇಡಿಸಿ, ಮರಿ ಮಾಡಿಸಿ ಮೊದಲಿನಂತಾಗಲು ವರ್ಷ ಬೇಕು. ಎರಡು ಸಲ ಹೀಗಾದರೆ ಮೂರನೇ ಸಲ ಯಾರೂ ಸಾಕುವುದಿಲ್ಲ. ಬುಟ್ಟಿ ಅಟ್ಟ ಸೇರುತ್ತದೆ. ನಮ್ಮ ಭಾಗದಲ್ಲಿ ಎಷ್ಟೋ ಮನೆಯಲ್ಲಿ ಅಟ್ಟ ಸೇರಿದೆ.

ಬ್ಯಾನಿಯ ಹೆಸರು

ಜನ ಬ್ಯಾನಿ ಅನ್ನುವುದನ್ನು ಡಾಕ್ಟರು ರಾಣಿಖೇತ್ ಅನ್ನುತ್ತಾರೆ. ಕೊಕ್ಕರೆ ರೋಗ ಎಂಬ ಹೆಸರೂ ಇದೆ. ರಾಣಿಖೇತ್ ಈಗಿನ ಉತ್ತರಾಖಂಡದ ಒಂದು ಊರು. 1920ರ ದಶಕದ ಕೊನೆಗೆ ಅಲ್ಲಿ ಈ ರೋಗ ಕಂಡಿದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು ನಿಂತಿತು. ಬೇರೆ ದೇಶದವರು ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಹೆಸರಿಟ್ಟು ಕರೆಯುತ್ತಾರೆ.

ಇದು ವೈರಸ್ಸಿನಿಂದ ಬರುವ ರೋಗ. ಬಂದ ಮೇಲೆ ಔಷಧ ಇಲ್ಲ. ಬಾಯಿಗೆ ಅರಿಷಿಣ, ಬೆಳ್ಳುಳ್ಳಿ ಹಾಕಿದರೂ, ಅಂಗಡಿಯಿಂದ ಗುಳಿಗೆ ತಂದು ಅರೆದು ಕುಡಿಸಿದರೂ ವೈರಸ್ ಸಾಯುವುದಿಲ್ಲ. ಲಸಿಕೆ ಆಗದ ಕೋಳಿಗಳಲ್ಲಿ ಹತ್ತಕ್ಕೆ ಒಂಬತ್ತು ಸತ್ತರೂ ಅಚ್ಚರಿಯಿಲ್ಲ. ರೋಗದ ಕೋಳಿಯ ಹಿಕ್ಕೆ, ಉಸಿರು, ಪುಕ್ಕ, ಅದನ್ನು ಹಿಡಿದ ಕೈ, ತುಳಿದ ಚಪ್ಪಲಿ, ಅದನ್ನಿಟ್ಟ ಬುಟ್ಟಿ, ಎಲ್ಲದರಿಂದಲೂ ಹರಡುತ್ತದೆ.

ಇನ್ನೊಂದು ದಾರಿಯನ್ನು ನಾವೇ ತೆರೆದಿಡುತ್ತೇವೆ. ಓಣಿಯಲ್ಲಿ ಒಂದು ಕೋಳಿ ಸತ್ತಿತೆಂದರೆ ಉಳಿದವನ್ನು ಸಾಯುವ ಮೊದಲೇ ಮಾರಿಬಿಡೋಣ ಎಂದು ಸಂತೆಗೆ ಒಯ್ಯುತ್ತೇವೆ. ಬಡವರ ಮನೆಯಲ್ಲಿ ಈ ಆಲೋಚನೆ ಬರುವುದು ಸಹಜ. ಆದರೆ ನೋಡಲು ಚೆನ್ನಾಗಿದ್ದ ಆ ಕೋಳಿಯ ಮೈಯೊಳಗೆ ರೋಗ ಆಗಲೇ ಇರುತ್ತದೆ. ಯರಗಟ್ಟಿ ಸಂತೆಯಲ್ಲಿ ಕೊಂಡವರು ಅದನ್ನು ಸತ್ತಿಗೇರಿಗೋ ತಲ್ಲೂರಿಗೋ ಮಾಡಮಗೇರಿಗೋ ಒಯ್ಯುತ್ತಾರೆ. ವಾರ ಬಿಟ್ಟು ಆ ಊರಿನ ಬುಟ್ಟಿಗಳೂ ಖಾಲಿ. ಒಂದು ಮನೆ ಉಳಿಸಿಕೊಂಡ ನಾಲ್ಕು ನೂರು ರೂಪಾಯಿಗೆ ಇನ್ನೊಂದು ಊರು ಸಾವಿರಗಟ್ಟಲೆ ಕಳೆದುಕೊಂಡಿತು.

ನೂರರ ಶೀಸೆ, ಎಂಟು ಕೋಳಿ

ಲಸಿಕೆ ಇದ್ದರೂ ಯಾಕೆ ಬರುವುದಿಲ್ಲ? ನಮ್ಮ ಭಾಗದ ಒಂದು ಪಶು ಆಸ್ಪತ್ರೆಯಲ್ಲಿ ನಾವು ಕೇಳಿದ ಮಾತು ಇದು. ಹಳ್ಳಿಯಿಂದ ಬಸ್ಸು ಹತ್ತಿ ಬಂದ ವಯಸ್ಸಾದ ತಾಯಿ ಕೋಳಿಗೆ ಸೂಜಿ ಬೇಕೆಂದು ನಿಂತಿದ್ದಳು.

"ಎಷ್ಟ ಕೋಳಿ ಅದಾವ ಯವ್ವಾ?"

"ಎಂಟ ಅದಾವ್ರಿ ಸಾಹೇಬ್ರ."

"ಎಂಟಕ್ಕ ಶೀಸೆ ಒಡ್ಯಾಕ ಬರೂದಿಲ್ಲ ನೋಡು. ನೂರಕ್ಕ ಒಂದ ಶೀಸೆ ಇರ್ತೈತಿ. ಓಣ್ಯಾಗಿನ ಮಂದಿನ್ನೆಲ್ಲಾ ಕೂಡಿಸಿ ಹೇಳು, ನೋಡೂನು."

ತಾಯಿ ತಿರುಗಿ ಬಸ್ ಸ್ಟ್ಯಾಂಡಿಗೆ ಹೋದಳು. ಓಣಿಯ ಮಂದಿಯನ್ನು ಕೂಡಿಸುವುದು ಒಬ್ಬಳ ಕೈಯಲ್ಲಿ ಆಗುವ ಕೆಲಸವೇ?

ಆಸ್ಪತ್ರೆಯವರು ಹೇಳಿದ್ದು ಸುಳ್ಳಲ್ಲ. ದೊಡ್ಡ ಕೋಳಿಗೆ ಹಾಕುವ ಆರ್‌ಟುಬಿ ಲಸಿಕೆಯ ಶೀಸೆ ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಮರಿಗಳಿಗೆ ಹನಿ ಹಾಕುವ ಲಸೋಟಾ ಲಸಿಕೆಯ ಶೀಸೆಯೂ ನೂರರದ್ದು, ಅದಕ್ಕಿಂತ ದೊಡ್ಡವೂ ಇವೆ. ಪುಡಿಗೆ ನೀರು ಬೆರೆಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಉಳಿದದ್ದನ್ನು ನಾಳೆಗೆ ಇಡಲು ಬರುವುದಿಲ್ಲ. ಎಂಟು ಕೋಳಿಗೆ ಒಡೆದರೆ 92 ಡೋಸ್ ಚೆಲ್ಲಬೇಕು. ಆಸ್ಪತ್ರೆಯವರಿಗೂ ಲೆಕ್ಕ ಕೊಡುವುದಿದೆ. ಸಿಬ್ಬಂದಿಯೂ ಕಡಿಮೆ.

ಆದರೆ ಅದೇ ಓಣಿಯನ್ನು ಒಮ್ಮೆ ಎಣಿಸಿ ನೋಡಿ. ಹದಿನೈದು ಮನೆ, ಮನೆಗೆ ಆರೇಳು ಕೋಳಿ. ನೂರು ಆಯಿತು! ಶೀಸೆಯ ಗಾತ್ರವೂ ಓಣಿಯ ಗಾತ್ರವೂ ಒಂದೇ. ಕಂಪನಿಯವರು ಹಾಗೆಂದು ಮಾಡಿದ್ದಲ್ಲ, ಲೆಕ್ಕ ಹಾಗೆ ಕೂಡಿಬರುತ್ತದೆ. ಮನೆಮನೆಯಾಗಿ ಹೋದರೆ ಸಿಗದ ಲಸಿಕೆ ಓಣಿಯಾಗಿ ಹೋದರೆ ಸಿಗುತ್ತದೆ.

ಓಣಿಯಾಗಿಯೇ ಹಾಕಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಒಂದು ಮನೆಯ ಎಂಟು ಕೋಳಿಗೆ ಹಾಕಿ ಪಕ್ಕದ ಮನೆಯ ಎಂಟು ಬಿಟ್ಟರೆ ರೋಗ ಓಣಿಯಲ್ಲಿ ಉಳಿದೇ ಉಳಿಯುತ್ತದೆ. ನಿಮ್ಮ ಹೇಂಟೆ ಬದುಕಬಹುದು, ಅದರ ಹೊಸ ಮರಿಗಳಿಗೆ ಇನ್ನೂ ಲಸಿಕೆ ಆಗಿರುವುದಿಲ್ಲ. ಪೋಲಿಯೋ ಹನಿ ನೆನಪಿದೆಯಲ್ಲ? ಒಂದೇ ಭಾನುವಾರ, ದೇಶದ ಎಲ್ಲ ಊರಲ್ಲೂ, ಎಲ್ಲ ಕೂಸಿಗೂ. ಬಸ್ ಸ್ಟ್ಯಾಂಡಿನಲ್ಲೂ ಹನಿ ಹಾಕಿದರು. ಹಾಗೆ ಮಾಡಿದ್ದಕ್ಕೇ 2014ರ ಮಾರ್ಚಿನಲ್ಲಿ ನಮ್ಮ ದೇಶ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಹರಡುವ ರೋಗಕ್ಕೆ ಮದ್ದು ಒಬ್ಬರಿಗೆ ಹಾಕಿದರೆ ಅರ್ಧ, ಎಲ್ಲರಿಗೂ ಹಾಕಿದರೆ ಪೂರ್ತಿ.

ಎಮ್ಮೆಗೆ ನಂಬರಿದೆ, ಕೋಳಿಗೆ ಲೆಕ್ಕವಿಲ್ಲ

ಸರಕಾರಕ್ಕೆ ಮನೆಮನೆಗೆ ಹೋಗಿ ಲಸಿಕೆ ಹಾಕಲು ಬರುವುದಿಲ್ಲವೇ? ಬರುತ್ತದೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು, ಕಾಲುಬಾಯಿ ಬ್ಯಾನಿಗೆ ಮತ್ತು ಬ್ರುಸೆಲ್ಲಾ ರೋಗಕ್ಕೆ ಎಂದು. ಅಂದಿನಿಂದ ಆಕಳು, ಎಮ್ಮೆಯ ಕಿವಿಗೆ ಹಳದಿ ಬಿಲ್ಲೆ ಬಂತು, ಬಿಲ್ಲೆಗೆ ಹನ್ನೆರಡು ಅಂಕಿಯ ನಂಬರು ಬಂತು. ಸೂಜಿ ಹಾಕುವವರು ಥರ್ಮಾಸ್ ಹೆಗಲಿಗೆ ಹಾಕಿಕೊಂಡು ಹಕ್ಕಿಗೆ ಬಂದರು, ಕೊಟ್ಟಿಗೆಗೆ ಬಂದರು. ರೊಕ್ಕ ಕೇಳಲಿಲ್ಲ. ಅದು ಒಳ್ಳೆಯ ಕೆಲಸ. ಅದನ್ನು ನಾವು ಹೊಗಳುತ್ತೇವೆ.

ಆದರೆ ಎಮ್ಮೆ ಇರುವ ಮನೆಗೆ ಹೊಲ ಇರುತ್ತದೆ, ಮೇವು ಇರುತ್ತದೆ, ಡೇರಿಯಲ್ಲಿ ಖಾತೆ ಇರುತ್ತದೆ. ಕೋಳಿ ಮಾತ್ರ ಇರುವ ಮನೆಗೆ ಬಹಳ ಸಲ ಇವು ಯಾವುವೂ ಇರುವುದಿಲ್ಲ. ಎಮ್ಮೆ ಕೊಳ್ಳಲು ಆಗದವರು ಆಡು ಸಾಕುತ್ತಾರೆ, ಆಡು ಕೊಳ್ಳಲು ಆಗದವರು ಕೋಳಿ ಸಾಕುತ್ತಾರೆ. ಅತಿ ಕಡಿಮೆ ಇದ್ದವರ ಜಾನುವಾರಿಗೇ ಅತಿ ಕಡಿಮೆ ಆರೈಕೆ ಅಂದರೆ ಇದು ಯಾವ ನ್ಯಾಯ?

ಯೋಜನೆಗಳೇ ಇಲ್ಲ ಎಂದಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ಗ್ರಾಮೀಣ ಕೋಳಿ ಉದ್ಯಮಕ್ಕೆ ಅರ್ಧದಷ್ಟು ಸಹಾಯಧನ ಇದೆ, 25 ಲಕ್ಷ ರೂಪಾಯಿವರೆಗೆ. ಆದರೆ ಅದಕ್ಕೆ ಕನಿಷ್ಠ 1,000 ತಾಯಿಕೋಳಿಯ ಘಟಕ ಬೇಕು. ಹತ್ತು ಕೋಳಿಯವಳು ಆ ಅರ್ಜಿಯ ಹತ್ತಿರ ಹೋಗುವುದು ಹೇಗೆ? ಅವಳಿಗೆ ಬೇಕಾದದ್ದು ಲಕ್ಷ ಅಲ್ಲ. ಐಸ್ ಇಟ್ಟ ಒಂದು ಥರ್ಮಾಸ್, ಒಂದು ಶೀಸೆ, ಒಂದು ಗೊತ್ತಾದ ದಿನ.

ಹಿತ್ತಲದ ಕೋಳಿ ಅಂದರೆ ಹಳೇ ಕಾಲದ್ದು, ಮುಗಿದುಹೋಗುವಂಥದ್ದು ಎಂದು ತಿಳಿಯುವವರಿಗೆ ಒಂದು ಅಂಕಿ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲದ ಕೋಳಿ, ಬಾತುಕೋಳಿ ಎಲ್ಲ ಸೇರಿ 31 ಕೋಟಿ 70 ಲಕ್ಷ ಇದ್ದವು. ಹಿಂದಿನ ಗಣತಿಗಿಂತ ಶೇ 46ರಷ್ಟು ಹೆಚ್ಚು. ಅದೇ ಹೊತ್ತಿಗೆ ಫಾರಂ ಕೋಳಿ ಹೆಚ್ಚಿದ್ದು ಶೇ 4.5 ಮಾತ್ರ. ಬಡವರು ಮತ್ತೆ ಮತ್ತೆ ಕೋಳಿಯ ಕಡೆ ತಿರುಗುತ್ತಿದ್ದಾರೆ. ಯೋಜನೆ ಬರೆಯುವವರು ಇನ್ನೂ ತಿರುಗಿಲ್ಲ.

ಬೇರೆ ಕಡೆ ಹೆಂಗಸರೇ ಮಾಡಿ ತೋರಿಸಿದರು

ಬಾಂಗ್ಲಾದೇಶದಲ್ಲಿ 1980ರ ದಶಕದಲ್ಲೇ ಬ್ರ್ಯಾಕ್ ಎಂಬ ಸಂಸ್ಥೆಯೂ ಅಲ್ಲಿನ ಪಶು ಇಲಾಖೆಯೂ ಕೂಡಿ ಹಳ್ಳಿಯ ಬಡ ಹೆಂಗಸರಿಗೆ ಕೋಳಿ ಲಸಿಕೆ ಹಾಕುವುದನ್ನು ಕಲಿಸಿದರು. ಊರಿಗೊಬ್ಬಳು. ಥರ್ಮಾಸ್ ಹಿಡಿದು ಬೆಳಗಿನ ಜಾವ, ಕೋಳಿ ಬಿಡುವ ಮೊದಲೇ ಮನೆಮನೆಗೆ ಹೋಗುವುದು. ಕೋಳಿಗೆ ಇಷ್ಟು ಎಂದು ಸಣ್ಣ ಶುಲ್ಕ. ಅವಳಿಗೂ ದುಡಿಮೆ ಆಯಿತು, ಊರಿನ ಕೋಳಿಯೂ ಉಳಿಯಿತು.

ಆಫ್ರಿಕಾದ ಮೊಜಾಂಬಿಕ್, ತಾಂಜಾನಿಯಾ ಹಳ್ಳಿಗಳಲ್ಲೂ ಇದೇ ದಾರಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಬಿಸಿಲಿಗೆ ಸ್ವಲ್ಪ ತಡೆದುಕೊಳ್ಳುವ ಐ-2 ಎಂಬ ಲಸಿಕೆ ಮಾಡಿದ್ದರು. ಅದನ್ನು ನಾಲ್ಕು ತಿಂಗಳಿಗೊಮ್ಮೆ ಕೋಳಿಯ ಕಣ್ಣಿಗೆ ಒಂದು ಹನಿ ಹಾಕುವುದನ್ನು ಊರಿನವರೇ ಕಲಿತರು. ಅಲ್ಲಿನ ಹಳ್ಳಿಗಳಿಗೂ ನಮ್ಮ ಹಳ್ಳಿಗಳಿಗೂ ಏನೂ ದೊಡ್ಡ ಫರಕಿಲ್ಲ. ರಸ್ತೆ, ಕರೆಂಟು, ಫೋನು ನೋಡಿದರೆ ನಮ್ಮವೇ ಒಂದು ಕೈ ಮೇಲು.

ನಮ್ಮಲ್ಲಿ ಹೊಸದಾಗಿ ಯಾರನ್ನೂ ಹುಡುಕಬೇಕಾಗಿಲ್ಲ. ಸಂಜೀವಿನಿ ಯೋಜನೆಯ ಹೆಣ್ಣುಮಕ್ಕಳ ಸಂಘಗಳಿವೆ, ಗ್ರಾಮ ಪಂಚಾಯತಿಗೊಂದು ಒಕ್ಕೂಟವಿದೆ, ಪಶು ಸಖಿಯರಿದ್ದಾರೆ. ಸಾಲದ ಕಂತು ಕಟ್ಟಲು ವಾರಕ್ಕೊಮ್ಮೆ ಸೇರುವ ಅದೇ ಹೆಂಗಸರು ಕೋಳಿಯ ಲೆಕ್ಕ ಬರೆಯಲಾರರೇ?

ಕೋಳಿಗೂ ಪಲ್ಲೆ ಮಡಿಗೂ ಇರುವ ಜಗಳ

ಓಣಿಯ ಎಲ್ಲರೂ ಕೂಡಬೇಕು ಅಂದರೆ ಮೊದಲು ಓಣಿಯ ಒಂದು ಹಳೇ ಜಗಳ ಬಗೆಹರಿಯಬೇಕು. ಎಲ್ಲರ ಮನೆಯಲ್ಲೂ ಕೋಳಿ ಸಾಕುವುದಿಲ್ಲ. ಸಾಕದ ಮನೆಯವರು ಹಿತ್ತಲದಲ್ಲಿ ಮೆಂತ್ಯೆ ಹಾಕಿರುತ್ತಾರೆ, ಪಕ್ಕದ ಮನೆಯ ಹೇಂಟೆ ಬಂದು ಕೆದರಿ ಹೋಗಿರುತ್ತದೆ. ಬೈಗುಳ ಶುರುವಾದರೆ ಮೂರು ದಿನ ನಿಲ್ಲುವುದಿಲ್ಲ. ಕೆಲವು ಸಲ ಮಾತು ಕೋಳಿ ಬಿಟ್ಟು ಜಾತಿಗೆ ಹೋಗುತ್ತದೆ. ಅದನ್ನೂ ನಾವು ಕೇಳಿದ್ದೇವೆ.

ತಾಲೂಕು ಆದ ಮೇಲೆ ಯರಗಟ್ಟಿಯಲ್ಲಿ, ಬೆಳಗಾವಿ-ಬಾಗಲಕೋಟೆ ರಸ್ತೆಯ ಎರಡೂ ಬದಿ, ಜಾಗಕ್ಕೆ ಬೆಲೆ ಬಂದಿದೆ. ಹಿತ್ತಲಗಳು ಸಣ್ಣದಾಗುತ್ತಿವೆ. ಜಾಗ ಸಣ್ಣದಾದಷ್ಟೂ ಜಗಳ ದೊಡ್ಡದು. ಆದ್ದರಿಂದ ಕೋಳಿ ಸಾಕುವವರೂ ಒಂದು ಹೆಜ್ಜೆ ಮುಂದೆ ಬರಬೇಕು.

ಮಡಿಗೆ ಬೇಲಿ ಬೇಕು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಒತ್ತಾಗಿ ನೆಟ್ಟು ಹಳೇ ಸೀರೆಯೋ ಬಲೆಯೋ ಕಟ್ಟಿದರೆ ಸಾಕು, ತಂತಿ ಬೇಲಿಯೇ ಬೇಕೆಂದಿಲ್ಲ. ಬೀಜ ಮೊಳೆತು ಗೇಣುದ್ದ ಆಗುವವರೆಗೆ ಕೋಳಿಯನ್ನು ಹಗಲು ಪೂರ್ತಿ ಬಿಡದೆ ಸಂಜೆ ಎರಡು ತಾಸು ಬಿಡಿ, ಕಣ್ಣಿಟ್ಟಿರಿ. ಪಲ್ಲೆ ಕಿತ್ತು ಮುಗಿದ ಮಡಿಗೆ ಬಿಟ್ಟರೆ ಮಾತ್ರ ಅದು ಕೆದರಿದ್ದು ಲಾಭ, ಹುಳ ತಿನ್ನುತ್ತದೆ, ಮಣ್ಣು ಸಡಿಲ ಮಾಡುತ್ತದೆ.

ಕೋಳಿ ಹಿಕ್ಕೆ ಬಹಳ ಬಿಸಿ ಗೊಬ್ಬರ. ಹಸಿಯಾಗಿ ಬದನಿ ಬುಡಕ್ಕೆ ಹಾಕಿದರೆ ಗಿಡ ಸುಡುತ್ತದೆ. ಒಣ ಎಲೆ, ಬೂದಿ, ಕಸ ಬೆರೆಸಿ ಎರಡು ಮೂರು ತಿಂಗಳು ಗುಂಡಿಯಲ್ಲಿ ಕೊಳೆಸಿ ಆಮೇಲೆ ಹಾಕಿ. ಆ ಗೊಬ್ಬರದಲ್ಲಿ ಎರಡು ಬುಟ್ಟಿ ಪಕ್ಕದ ಮನೆಯವರಿಗೂ ಕೊಡಿ. ಕೋಳಿಯ ಕಾಟ ಅವರಿಗೆ, ಗೊಬ್ಬರ ನಿಮಗೆ ಅಂದರೆ ಯಾರು ಒಪ್ಪುತ್ತಾರೆ? ಬಚ್ಚಲ ನೀರು ಬಾಳಿ, ನುಗ್ಗಿ, ಬಳ್ಳಿಗೆ ಹೋಗಲಿ. ಸೋಪಿನ ನೀರನ್ನು ಹಸಿ ತಿನ್ನುವ ಪಲ್ಲೆಯ ಮೇಲೆ ಹಾಕಬೇಡಿ.

ಯಾವ ಬೀಜ, ಯಾವ ತಳಿ ಎಂದು ಕೇಳಲು ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಸಂಘದಿಂದ ನಾಲ್ಕು ಮಂದಿ ಹೋಗಿ ಕೇಳಿ ಬನ್ನಿ. ಒಬ್ಬೊಬ್ಬರಾಗಿ ಹೋಗುವುದಕ್ಕಿಂತ ಕೂಡಿ ಹೋದರೆ ಮಾತಿಗೆ ತೂಕ.

ಎದುರು ಮಾತುಗಳು

"ಗಿರಿರಾಜ ತಂದರ ಆತಲ್ಲ?" ಅನ್ನುವವರಿದ್ದಾರೆ. ಗಿರಿರಾಜ ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜಿನವರೇ 1989ರಲ್ಲಿ ಹೊರತಂದ ತಳಿ. ಬೇಗ ತೂಕ ಬರುತ್ತದೆ, ತತ್ತಿ ವರ್ಷಕ್ಕೆ 130ರಿಂದ 150. ಒಳ್ಳೆಯ ಕೋಳಿ. ಆದರೆ ಕಾವಿಗೆ ಕೂರುವುದಿಲ್ಲ, ಮರಿ ಮತ್ತೆ ಕೊಂಡೇ ತರಬೇಕು. ಮೇಲಾಗಿ ರಾಣಿಖೇತ್ ತಳಿ ನೋಡಿ ಬರುವುದಿಲ್ಲ. ಲಸಿಕೆ ಇಲ್ಲದಿದ್ದರೆ ಗಿರಿರಾಜವೂ ಸಾಯುತ್ತದೆ, ಜವಾರಿಯೂ ಸಾಯುತ್ತದೆ. ತಳಿ ಬದಲಿಸುವ ಮೊದಲು ಲಸಿಕೆಯ ದಿನ ಗೊತ್ತುಮಾಡಿ.

"ಸೂಜಿ ಹಾಕಿಸಿದರ ತತ್ತಿ ನಿಲ್ತಾವ" ಅನ್ನುವ ಭಯವೂ ಇದೆ. ಅದರಲ್ಲಿ ಸ್ವಲ್ಪ ನಿಜ ಇದೆ. ತತ್ತಿ ಇಡುವ ಹೇಂಟೆಗೆ ಹಾಕಿದರೆ ಕೆಲವು ದಿನ ತತ್ತಿ ಕಡಿಮೆಯಾಗಬಹುದು. ಆಮೇಲೆ ಮೊದಲಿನಂತಾಗುತ್ತದೆ. ನಾಲ್ಕು ತತ್ತಿ ಉಳಿಸಲು ಹೋಗಿ ಹೇಂಟೆಯನ್ನೇ ಕಳೆದುಕೊಳ್ಳುವುದು ಜಾಣತನ ಅಲ್ಲ.

"ಹಕ್ಕಿಜ್ವರ ಅಂತಾರ, ಕೋಳಿ ಸಾಕೂದ ಬ್ಯಾಡ" ಅನ್ನುವವರೂ ಇದ್ದಾರೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ದೇಶಕ್ಕೇ ಮೊದಲ ಬಾರಿ ಹಕ್ಕಿಜ್ವರ ಕಂಡಾಗ ಎಲ್ಲರೂ ಹೆದರಿದ್ದು ನಿಜ. ಒಮ್ಮೆಲೇ ಬಹಳ ಕೋಳಿ ಸತ್ತರೆ ಅದು ರಾಣಿಖೇತೋ ಹಕ್ಕಿಜ್ವರವೋ ಎಂದು ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ. ಅದಕ್ಕೇ ಮುಚ್ಚಿಡಬಾರದು. 1962ಕ್ಕೆ ಫೋನ್ ಮಾಡಿ ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಯನ್ನು ಹಳ್ಳಕ್ಕೆ ಎಸೆಯಬೇಡಿ, ನಾಯಿಗೆ ಹಾಕಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಲಸಿಕೆ ಆದ ಊರಿನಲ್ಲಿ ಕೋಳಿ ಸುಮ್ಮನೆ ಸಾಯುವುದಿಲ್ಲ. ಹಾಗಾಗಿ ಅಲ್ಲಿ ಬೇರೆ ರೋಗ ಬಂದರೂ ಬೇಗ ತಿಳಿಯುತ್ತದೆ.

"ಇದೆಲ್ಲ ಸರಕಾರದ ಕೆಲಸ" ಎಂದರೆ ಹೌದು, ಸರಕಾರದ್ದೇ. ಆದರೆ ಕೇಳುವವರು ಎಂಟು ಕೋಳಿ ಹಿಡಿದು ಒಬ್ಬೊಬ್ಬರಾಗಿ ಹೋದರೆ ಸರಕಾರಕ್ಕೆ ಇಲ್ಲ ಅನ್ನಲು ಸುಲಭ. ನೂರರ ಪಟ್ಟಿ ಹಿಡಿದು ಹತ್ತು ಮಂದಿ ಹೋದರೆ ಅಷ್ಟು ಸುಲಭವಲ್ಲ.

ಈಗ ಮಾಡಬೇಕಾದ್ದು

ಒಂದು: ಸಂಜೆ ಕೋಳಿ ಬುಟ್ಟಿ ಸೇರುವ ಹೊತ್ತಿಗೆ ಸಂಘದ ಇಬ್ಬರು ಓಣಿಯಲ್ಲಿ ತಿರುಗಿ ಎಣಿಸಲಿ. ದೊಡ್ಡವು ಎಷ್ಟು, ಮರಿ ಎಷ್ಟು ಎಂದು ಬೇರೆ ಬೇರೆ ಬರೆಯಲಿ. ಎರಡಕ್ಕೂ ಲಸಿಕೆ ಬೇರೆ. ಮರಿಗೆ ಐದರಿಂದ ಏಳನೇ ದಿನ ಲಸೋಟಾ ಹನಿ, ನಾಲ್ಕನೇ ವಾರ ಮತ್ತೊಮ್ಮೆ. ಎಂಟನೇ ವಾರದ ಹೊತ್ತಿಗೆ ಆರ್‌ಟುಬಿ ಸೂಜಿ. ಸಣ್ಣ ಮರಿಗೆ ಆರ್‌ಟುಬಿ ಹಾಕಬಾರದು. ಆಗಲೇ ಜಡ್ಡಾದ ಕೋಳಿಗೆ ಹಾಕಬಾರದು. ಮುಂದಿನ ಸಲ ಯಾವಾಗ, ಜಂತಿನ ಔಷಧ ಯಾವಾಗ ಎಂಬುದನ್ನು ಪಶುವೈದ್ಯರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.

ಎರಡು: ಆ ಪಟ್ಟಿಯನ್ನು ಅರ್ಜಿಯ ಜೊತೆ ಪಶು ಆಸ್ಪತ್ರೆಗೂ ಗ್ರಾಮ ಪಂಚಾಯತಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಗ್ರಾಮಸಭೆಯಲ್ಲಿ ಕೋಳಿ ಲಸಿಕೆಯ ದಿನ ಎಂದು ಠರಾವು ಬರೆಸಿ. ಗ್ರಾಮಸಭೆಯಲ್ಲಿ ಗಟಾರು, ಬೀದಿದೀಪ, ಮನೆ ಪಟ್ಟಿ ಬಿಟ್ಟರೆ ಹೆಂಗಸರ ಹಿತ್ತಲದ ಮಾತು ಬರುವುದೇ ಅಪರೂಪ. ಈ ಸಲ ಬರಲಿ.

ಮೂರು: ದಿನ ಗೊತ್ತಿರಲಿ. ಬ್ಯಾನಿ ಬಂದ ಮೇಲೆ ಓಡಾಡುವುದಲ್ಲ, ಬಿಸಿಲಿಗೆ ಮುಂಚೆ, ಶಿವರಾತ್ರಿಯ ಒಳಗೆ ಒಮ್ಮೆ. ಆಮೇಲೆ ಹುಟ್ಟಿದ ಮರಿಗಳಿಗೆ ಮಳೆಗಾಲದಲ್ಲಿ, ದೀಪಾವಳಿಯ ಹೊತ್ತಿಗೆ. ಹಿಂದಿನ ದಿನ ಡಂಗುರ ಸಾರಲಿ, ವಾಟ್ಸಾಪ್ ಗುಂಪಿಗೆ ಹಾಕಲಿ. ಬೆಳಿಗ್ಗೆ ಕೋಳಿ ಬಿಡದೆ ಬುಟ್ಟಿಯಲ್ಲೇ ಇಟ್ಟಿರಲಿ. ಹತ್ತು ಗಂಟೆಯೊಳಗೆ ಓಣಿ ಮುಗಿಯುತ್ತದೆ.

ನಾಲ್ಕು: ಪಶು ಸಖಿಗೆ ಅಥವಾ ಸಂಘದ ಒಬ್ಬ ಹೆಣ್ಣುಮಗಳಿಗೆ ಇಲಾಖೆ ತರಬೇತಿ ಕೊಡಲಿ. ಪಂಚಾಯತಿ ಒಂದು ಐಸ್ ಪೆಟ್ಟಿಗೆ ಕೊಡಿಸಲಿ. ಅವಳ ದುಡಿಮೆಗೆ ಕೋಳಿಗೆ ಇಷ್ಟು ಎಂದು ಊರೇ ಗೊತ್ತುಮಾಡಲಿ. ಎರಡು ರೂಪಾಯಿ ಅಂದರೂ ಎಂಟು ಕೋಳಿಗೆ 16 ರೂಪಾಯಿ ಆಯಿತು, ಒಂದೆರಡು ತತ್ತಿಯ ಬೆಲೆ. ಪುಕ್ಕಟೆ ಸೇವೆ ಎಂದು ಹೆಣ್ಣುಮಕ್ಕಳಿಂದ ದುಡಿಸಿಕೊಳ್ಳುವುದು ಬೇಡ.

ಐದು: ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆ ಬುಟ್ಟಿಯಲ್ಲಿ, ದೂರದಲ್ಲಿ ಇಡಿ. ಓಣಿಯಲ್ಲಿ ಬ್ಯಾನಿ ಬಂದಿದ್ದರೆ ಸಂತೆಗೆ ಒಯ್ಯಬೇಡಿ. ಇವತ್ತು ನೀವು ಇನ್ನೊಂದು ಊರಿನ ಹೆಣ್ಣುಮಗಳ ಬುಟ್ಟಿ ಉಳಿಸಿದರೆ ನಾಳೆ ಅವಳು ನಿಮ್ಮದನ್ನು ಉಳಿಸುತ್ತಾಳೆ.

ಇಲಾಖೆಗೂ ಒಂದು ಮಾತು. ಕಾಲುಬಾಯಿ ಲಸಿಕೆಗೆ ಊರಿಗೆ ಬರುವ ದಿನವೇ ಐಸಿನ ಪೆಟ್ಟಿಗೆಯಲ್ಲಿ ಎರಡು ಶೀಸೆ ಕೋಳಿ ಲಸಿಕೆ ಹೆಚ್ಚಿಗೆ ಇಟ್ಟುಕೊಂಡು ಬನ್ನಿ. ರಸ್ತೆ ಅದೇ, ಗಾಡಿ ಅದೇ, ಮನೆ ಅದೇ. ಎಮ್ಮೆ ಇಲ್ಲದ ಮನೆಗೂ ಒಮ್ಮೆ ಹಣಕಿ ಹಾಕಿ. ಶೀಸೆ ಒಡೆದರೆ ಉಳಿದದ್ದಕ್ಕೆ ಯಾರು ಲೆಕ್ಕ ಕೊಡಬೇಕು ಎಂಬ ಭಯ ಸಿಬ್ಬಂದಿಗೆ ಇದ್ದರೆ ಆ ನಿಯಮವನ್ನು ಮೇಲಿನವರು ಸಡಿಲ ಮಾಡಲಿ. ಚೆಲ್ಲಿಹೋದ ಹತ್ತು ಡೋಸಿಗಿಂತ ಸತ್ತುಹೋದ ತೊಂಬತ್ತು ಕೋಳಿ ದೊಡ್ಡ ನಷ್ಟ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಸಂಜೆಯೇ ನಿಮ್ಮ ಓಣಿಯ ಕೋಳಿ ಎಣಿಸಿ. ನೂರು ಆದರೆ ನಿಮ್ಮ ಶೀಸೆ ಸಿದ್ಧ ಅಂತಲೇ ತಿಳಿಯಿರಿ. ನೂರಕ್ಕೆ ಹತ್ತು ಕಡಿಮೆ ಬಿದ್ದರೆ ಪಕ್ಕದ ಓಣಿಯನ್ನೂ ಸೇರಿಸಿಕೊಳ್ಳಿ.